ಎರೆಹೊಲ ದಾಟುವ ಗಾಡಿ

ಹೋದ ವರ್ಷದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಅಡುಗೆಮನೆಗೆ ಬಂದರೆ, ನಾನು ಹಾಲು ಕಾಯಿಸುವ ಪಾತ್ರೆಯಲ್ಲಿ ಗ್ರೀಸು ಕುದಿಯುತ್ತಿತ್ತು. ಕಂದುಬಣ್ಣಕ್ಕೆ ತಿರುಗಿ ಸಣ್ಣ ಸಣ್ಣ ಗುಳ್ಳೆಯೇಳುತ್ತಿದ್ದ ಆ ಪಾಕದೊಳಗೆ ಕಬ್ಬಿಣದ ಚೈನೊಂದು ಸುರುಳಿ ಸುತ್ತಿಕೊಂಡು ಮಲಗಿತ್ತು. ಪಕ್ಕದಲ್ಲಿ ನಮ್ಮ ಯಜಮಾನರು ನನ್ನದೇ ಸೌಟು ಹಿಡಿದು, ಪಾಯಸ ತಳ ಹಿಡಿಯದಂತೆ ನೋಡಿಕೊಳ್ಳುವವರ ಶ್ರದ್ಧೆಯಿಂದ ತಿರುವುತ್ತ ನಿಂತಿದ್ದರು.

"ಏನ್ರೀ ಇದು?"

"ಚೈನಿನ ಒಂದೊಂದು ಕೊಂಡಿಗೂ ಗ್ರೀಸ್ ಇಳೀಬೇಕು ಕಣೇ. ಮೇಲ್ ಮೇಲೆ ಬಳಿದ್ರೆ ಸಾಲ್ದು."

"ವರ್ಕ್‌ಶಾಪಲ್ಲಿ ಸ್ಟವ್ ಇರ್ಲಿಲ್ವಾ?"

"ಅಲ್ಲಿ ಗಾಳಿ. ಉರಿ ನಿಲ್ಲಲ್ಲ."

ನೋಡಿ, ಈ ಮನುಷ್ಯನ ಬಳಿ ಪ್ರತಿಯೊಂದು ಅಪರಾಧಕ್ಕೂ ಒಂದು ರೀಸನೆಬಲ್ ಕಾರಣ ಇರುತ್ತದೆ. ಮದುವೆಯಾಗಿ ಇಷ್ಟು ಕಾಲವಾದರೂ ಆ ಕಾರಣಗಳ ಮುಂದೆ ನಾನು ಗೆದ್ದದ್ದಿಲ್ಲ. ಪಾತ್ರೆಯನ್ನು ಅವರಿಗೇ ಬಿಟ್ಟುಕೊಟ್ಟು, ಅಂದು ಹಾಲನ್ನು ಸಾರಿನ ಪಾತ್ರೆಯಲ್ಲಿ ಕಾಯಿಸಿದೆ. ಕಾಫಿಗೆ ಸಣ್ಣಗೆ ಇಂಗಿನ ವಾಸನೆ ಬಂದಿತ್ತು. ಇವರಿಗೆ ಅದು ತಿಳಿಯಲೂ ಇಲ್ಲ.

ನಾನು ಹುಟ್ಟಿದ್ದು ಕಡೂರಿನಲ್ಲಿ. ಅಪ್ಪ ರೈಲ್ವೆಯಲ್ಲಿದ್ದರು. ಮಗಳು ನಾಲ್ಕು ಜನರ ಮುಂದೆ ಇಂಗ್ಲಿಷಿನಲ್ಲಿ ಮಾತಾಡಬೇಕೆಂಬ ಅವರ ಆಸೆಯಿಂದಾಗಿ ಚಿಕ್ಕಮಗಳೂರಿನ ಕಾನ್ವೆಂಟಿನ ಹಾಸ್ಟೆಲು ಸೇರಿದೆ. ಅಲ್ಲಿಂದ ಬಂದು ಬಿದ್ದದ್ದು ಅಜ್ಜಂಪುರದ ಈ ಮನೆಗೆ. ಅಂಗಳದ ತುಂಬ ಪಂಪ್‌ಸೆಟ್ಟುಗಳು, ಎಂಜಿನ್ನಿನ ಚಿಪ್ಪುಗಳು, ಡೀಸೆಲ್ಲಿನ ಜಿಡ್ಡು. ಹೊಸದರಲ್ಲಿ ನಾನು ಊಟಕ್ಕೆ ಕೂತವರಿಗೆಲ್ಲ "ಸಾರಿ", "ಪ್ಲೀಸ್" ಅನ್ನುತ್ತಿದ್ದೆನಂತೆ. ಅದನ್ನು ಕೇಳಿ ಇವರ ಅಣ್ಣ, ಅಂದರೆ ನನ್ನ ಭಾವ, ನನಗೆ "ಕಾನ್ವೆಂಟಮ್ಮ" ಎಂದು ಹೆಸರಿಟ್ಟರು. ಅದು ಹಂಗಿಸಲು ಇಟ್ಟ ಹೆಸರು. ವರ್ಷಗಳು ಕಳೆದಂತೆ ಹೇಗೋ ಮುದ್ದಿನ ಹೆಸರಾಗಿಬಿಟ್ಟಿತು. ಈಗ ಹಾಗೆ ಕರೆಯುವವರು ಯಾರೂ ಇಲ್ಲ. ಆ ಹೆಸರಿನ ಹೆಂಗಸು ಎಲ್ಲೋ ಸತ್ತೇಹೋದಳೇನೋ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ.

ಭಾವನ ಮನೆ ಬುಕ್ಕಾಂಬುಧಿಯ ಕಡೆ, ಹೊಲದ ನಡುವೆ. ಟಾರು ರಸ್ತೆ ಬಿಟ್ಟು ಒಳಗೆ ಹೋಗಬೇಕು. ಅಲ್ಲಿನದು ಎರೆಮಣ್ಣು, ಅಪ್ಪಟ ಕಪ್ಪು. ಬೇಸಿಗೆಯಲ್ಲಿ ಅಂಗೈ ತೂರುವಷ್ಟು ಬಾಯಿಬಿಟ್ಟು ಬಿರಿಯುವ ಅದೇ ಮಣ್ಣು ಒಂದು ಹದವಾದ ಮಳೆ ಬಿದ್ದರೆ ಹಿಡಿದದ್ದನ್ನು ಬಿಡುವುದಿಲ್ಲ. ಚಪ್ಪಲಿಯನ್ನು ಬಿಡುವುದಿಲ್ಲ, ಸೈಕಲ್ಲನ್ನು ಬಿಡುವುದಿಲ್ಲ. ಭಾವನ ಮಗ ಮಲ್ಲೇಶನ ಟ್ರ್ಯಾಕ್ಟರನ್ನು ಹಿಂದಿನ ವರ್ಷ ಗಾಲಿಯ ಅರ್ಧದವರೆಗೆ ನುಂಗಿ ಕೂತಿತ್ತು. ಈರುಳ್ಳಿಗೆ ಅಷ್ಟು ಒಳ್ಳೆಯ ಮಣ್ಣು ಮನುಷ್ಯನ ನಡಿಗೆಗೆ ಅಷ್ಟೇ ಕೆಟ್ಟದ್ದು. ಅದನ್ನು ಬಯ್ದರೆ ಭಾವ ಸಹಿಸುತ್ತಿರಲಿಲ್ಲ. "ಮಣ್ಣು ಹಿಡ್ಕತ್ತೈತೆ ಅಂದ್ರೆ ಪ್ರೀತಿ ಐತೆ ಅಂತ ಕಣಮ್ಮ," ಅನ್ನುತ್ತಿದ್ದರು.

ಆ ಭಾವನ ಎರಡೂ ಕಿಡ್ನಿ ಕೈಕೊಟ್ಟವು. ಸೋಮವಾರ, ಗುರುವಾರ ತರೀಕೆರೆಯ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಬೇಸಿಗೆಯಲ್ಲಿ ಕಷ್ಟವಿರಲಿಲ್ಲ. ಮಳೆ ಹಿಡಿದರೆ ಮಾತ್ರ ಹೊಲದ ದಾರಿ ಮುಚ್ಚಿಹೋಗುತ್ತಿತ್ತು. ಟ್ರ್ಯಾಕ್ಟರಿನ ಮೇಲೆ ಕೂರಿಸಿದರೆ ತಲೆತಿರುಗಿ ವಾಲುತ್ತಿದ್ದರು, ಹೊತ್ತು ತರೋಣವೆಂದರೆ ಹೊರುವವರೇ ಜಾರಿ ಬೀಳುತ್ತಿದ್ದರು. ಹಾಗೆ ಆ ಹಿಂದಿನ ವರ್ಷದ ಮಳೆಗಾಲದಲ್ಲಿ ಎಷ್ಟೋ ಸಲ ತಪ್ಪಿತು; ಕಾಲು ಊದಿತು, ಎದೆಯಲ್ಲಿ ನೀರು ತುಂಬಿತು. ಇನ್ನೊಂದು ಮಳೆಗಾಲ ಹೀಗೆ ತಪ್ಪಿಸಿದರೆ ಉಳಿಯುವುದು ಕಷ್ಟವೆಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ನಮ್ಮ ಮನೆಗೆ ಬಂದಿರಿ ಎಂದು ನಾನು ಕರೆದೆ. "ಹೊಲ ಕಾಣ್ದಿದ್ರೆ ನಂಗೆ ಉಂಡಿದ್ದು ಇಳಿಯಲ್ಲ ಕಾನ್ವೆಂಟಮ್ಮ," ಎಂದರು. ಅಲ್ಲಿಗೆ ಮುಗಿಯಿತು.

ಇವರು ಆವತ್ತು ಊಟದ ತಟ್ಟೆಯ ಮುಂದೆ ಕೂತು ಅನ್ನವನ್ನು ತಟ್ಟೆಯ ತುಂಬ ಹರಡಿದರು. ಆಮೇಲೆ, "ನಾಲ್ಕೂ ಗಾಲಿ ಎಳೀಬೇಕು," ಎಂದರು.

ನನಗೆ ಅರ್ಥವಾಗಲಿಲ್ಲ. ಅವರು ಅನ್ನದ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸಿದರು. ಸಾಮಾನ್ಯ ಗಾಡಿಯಲ್ಲಿ ಎಂಜಿನ್ನು ತಿರುಗಿಸುವುದು ಎರಡೇ ಗಾಲಿಯನ್ನು. ಉಳಿದೆರಡು ಸುಮ್ಮನೆ ಜೊತೆಗೆ ಉರುಳುತ್ತವೆ. ಕೆಸರಿನಲ್ಲಿ ತಿರುಗುವ ಎರಡು ಗಾಲಿ ನಿಂತಲ್ಲೇ ಸುತ್ತಿ ಸುತ್ತಿ ತಮ್ಮ ಗುಂಡಿಯನ್ನು ತಾವೇ ತೋಡಿಕೊಳ್ಳುತ್ತವೆ. ನಾಲ್ಕೂ ದುಡಿದರೆ ಹಿಂದಿನದು ಸೋತಾಗ ಮುಂದಿನದು ಎಳೆಯುತ್ತದೆ. ಜೀಪು ಕೊಳ್ಳಬಹುದಲ್ಲ ಎಂದೆ. ಜೀಪು ಭಾರ, ಎರೆಯಲ್ಲಿ ಹೂತುಹೋಗುತ್ತದೆ, ನಮ್ಮದು ಮಂಚದಷ್ಟು ಹಗುರವಿರಬೇಕು ಎಂದರು. ಆ ಹೊತ್ತಿಗಾಗಲೇ ಅದು "ನಮ್ಮದು" ಆಗಿಹೋಗಿತ್ತು.

ಕಡೂರಿನ ಗುಜರಿಯಿಂದ ಆಟೋರಿಕ್ಷಾದ ಒಂದು ಡೀಸೆಲ್ ಎಂಜಿನ್ನು ಬಂತು. ಹಳೆಯ ಕಾರುಗಳ ಎರಡು ಆಕ್ಸಲ್ಲು ಬಂದವು. ನಡುವೆ ಒಂದು ಅಡ್ಡಕಂಬಿ. ಎಂಜಿನ್ನು ಅದನ್ನು ತಿರುಗಿಸುತ್ತದೆ, ಅದರಿಂದ ಒಂದು ಚೈನು ಹಿಂದಿನ ಗಾಲಿಗಳಿಗೆ, ಇನ್ನೊಂದು ಚೈನು ಮುಂದಿನ ಗಾಲಿಗಳಿಗೆ. ಸೈಕಲ್ಲಿನಲ್ಲಿರುತ್ತದಲ್ಲ, ಅದೇ ತತ್ತ್ವ, ಅಷ್ಟೆ, ಗಾತ್ರ ದೊಡ್ಡದು. ಎಪ್ಪತ್ತು ದಾಟಿದ ಮನುಷ್ಯ ಬಿಸಿಲಿನಲ್ಲಿ ಅಂಗಾತ ಮಲಗಿ ವೆಲ್ಡಿಂಗ್ ಮಾಡುವುದನ್ನು ನೋಡುವಾಗ ನನಗೆ ಬಯ್ಯಬೇಕೆನ್ನಿಸುತ್ತಿತ್ತು. ಆದರೆ ಇಬ್ಬರೇ ಅಣ್ಣತಮ್ಮಂದಿರು. ಚಿಕ್ಕಂದಿನಲ್ಲೇ ಅಪ್ಪನನ್ನು ಕಳೆದುಕೊಂಡ ಇವರನ್ನು ಹೆಗಲ ಮೇಲೆ ಹೊತ್ತು ಆ ಎರೆಯನ್ನೇ ದಾಟಿಸಿ ಶಾಲೆಗೆ ಬಿಡುತ್ತಿದ್ದವರು ಆ ಅಣ್ಣ. ಹೀಗಿರುವಾಗ ನಾನು ಏನೆಂದು ಬಯ್ಯಲಿ?

ಮೊದಲ ಟ್ರಯಲ್ಲಿನ ದಿನ ಇವರು ಗಾಡಿಯನ್ನು ಠೀವಿಯಿಂದ ಟಾರು ರಸ್ತೆಗೆ ಇಳಿಸಿದರು. ನೇರ ದಾರಿಯಲ್ಲಿ ಚೆನ್ನಾಗಿಯೇ ಹೋಯಿತು. ತಿರುವಿನಲ್ಲಿ ಹೊರಳಿಸಿದಾಗ ಒಳಗಿಂದ ಹಲ್ಲು ಕಡಿದ ಹಾಗೆ ಕಟಕಟ ಶಬ್ದ ಬಂತು, ಮರುಕ್ಷಣ ಚೈನು ಫಟ್ಟೆಂದು ಹರಿದು ರಸ್ತೆಗೆ ಬಿತ್ತು. ಸುದ್ದಿ ಕೇಳಿದ ಭಾವ ಫೋನಿನಲ್ಲಿ, "ಏನಪ್ಪಾ ಎಂಜಿನಿಯರು, ನಾನು ಸರದೀಲಿ ಕಾಯ್ಬೇಕೋ, ಹೊಂಟೋಗ್ಲೋ?" ಎಂದು ನಕ್ಕರು.

ಯಾಕೆ ಹರಿಯಿತೆಂದು ಇವರು ಎರಡು ದಿನ ತಲೆಕೆಡಿಸಿಕೊಂಡರು. ತಿರುವಿನಲ್ಲಿ ಮುಂದಿನ ಗಾಲಿ ದೊಡ್ಡ ಸುತ್ತು ಬಳಸುತ್ತದಂತೆ, ಹಿಂದಿನದು ಒಳದಾರಿ ಹಿಡಿಯುತ್ತದಂತೆ. ಇಬ್ಬರ ದಾರಿ ಬೇರೆ. ಆದರೆ ಚೈನು ಇಬ್ಬರನ್ನೂ ಒಂದೇ ಲೆಕ್ಕದಲ್ಲಿ ತಿರುಗು ಅನ್ನುತ್ತದೆ. ಕೆಸರಿನಲ್ಲಾದರೆ ಗಾಲಿ ಅಷ್ಟಿಷ್ಟು ಜಾರಿ ಆ ವ್ಯತ್ಯಾಸವನ್ನು ನುಂಗಿಕೊಳ್ಳುತ್ತದೆ. ಗಟ್ಟಿ ನೆಲದಲ್ಲಿ ಜಾರಲು ಎಡೆಯಿಲ್ಲ, ಬಿಗಿತವೆಲ್ಲ ಚೈನಿನ ಮೇಲೆ ಬೀಳುತ್ತದೆ. ಅವರು ಇದನ್ನು ಹೇಳುತ್ತಿದ್ದರೆ ನನಗೆ ಕಾನ್ವೆಂಟಿನ ಹೊಲಿಗೆಯ ತರಗತಿ ನೆನಪಾಯಿತು. ಅಲ್ಲಿ ಒಬ್ಬ ಸಿಸ್ಟರ್, ತೋಳಿನ ಬಟ್ಟೆಯನ್ನು ತೋಳಿನ ಅಳತೆಗೇ ಕತ್ತರಿಸಿದರೆ ಕೈ ಮೇಲೆತ್ತಲಾಗುವುದಿಲ್ಲ, ಸ್ವಲ್ಪ "ಈಸ್" ಬಿಡಬೇಕು ಎಂದು ಹೇಳಿಕೊಡುತ್ತಿದ್ದರು. ಮೈಗೂ ಬಟ್ಟೆಗೂ ನಡುವೆ ಬಿಡುವ ಆ ಬೆರಳಗಲದ ಸಡಿಲಿಗೆ ಕನ್ನಡದಲ್ಲಿ ಏನನ್ನುತ್ತಾರೋ ನನಗೆ ತಿಳಿಯದು. ಸಂಸಾರಗಳಲ್ಲಿ ಹರಿದದ್ದೆಲ್ಲ ಪ್ರೀತಿಯಿಲ್ಲದೆ ಹರಿದದ್ದಲ್ಲ, ಬಹಳಷ್ಟು ಈ ಸಡಿಲು ಬಿಡದೆ ಹರಿದದ್ದು ಎಂದು ಈ ವಯಸ್ಸಿನಲ್ಲಿ ನನಗೆ ಅನ್ನಿಸುತ್ತದೆ. ಇವರು ಸೀಟಿನ ಪಕ್ಕ ಒಂದು ಲಿವರ್ ಇಟ್ಟರು. ಕೆಳಗೊತ್ತಿದರೆ ಮುಂದಿನ ಚೈನು ದುಡಿಯುತ್ತದೆ, ಮೇಲೆತ್ತಿದರೆ ಬಿಟ್ಟುಕೊಡುತ್ತದೆ. ಕೆಸರಿಗೆ ಒಂದು ನಡವಳಿಕೆ, ಟಾರಿಗೆ ಒಂದು. ಎಲ್ಲಿ ಬಿಗಿಯಬೇಕು, ಎಲ್ಲಿ ಬಿಡಬೇಕು ಎಂಬುದು ಕೈಗೆ ಗೊತ್ತಿರಬೇಕು, ಅಷ್ಟೆ.

ಗಾಡಿ ಸಿದ್ಧವಾಗಿ ಹೊಲದ ಮನೆಗೆ ಹೊರಟ ದಿನ ನಡೆದದ್ದನ್ನು ನೆನೆದರೆ ನಗು ಬರುತ್ತದೆ. ಭಾವನಿಗೆ ಒರಗಿದರೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಅದಕ್ಕೆ ಇವರು ನೆಟ್ಟಗೆ ಕೂರುವ ಎತ್ತರದ ಕುರ್ಚಿ ಮಾಡಿದ್ದರು. ಮಳೆ ಬೀಳದಂತೆ ಸುತ್ತ ನಾಲ್ಕು ಕಂಬಿ ನಿಲ್ಲಿಸಿ ಮೇಲೆ ಕಮಾನಿನ ಚಾವಣಿ ಹಾಕಿದ್ದರು. ಹೊಸ ಗಾಡಿಯೆಂದು ನಾನೇ ನಾಲ್ಕು ಕಂಬಿಗೂ ಚೆಂಡುಹೂವಿನ ಹಾರ ಸುತ್ತಿದ್ದೆ. ಗಾಡಿ ಅವರ ಅಂಗಳಕ್ಕೆ ಬಂದು ನಿಂತದ್ದೇ ತಡ, ಭಾವನ ಹೆಂಡತಿ ಪಾರ್ವತಕ್ಕ ಕೈಯಲ್ಲಿದ್ದ ಆರತಿ ತಟ್ಟೆಯ ಸಮೇತ ಹಾಗೇ ನಿಂತುಬಿಟ್ಟರು. ಮಲ್ಲೇಶ ಮುಖ ತಿರುಗಿಸಿದ. ಆಗ ನನಗೂ ಕಂಡಿತು. ನಮ್ಮವರಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ; ನೆಟ್ಟಗೆ ಕೂರಿಸಿ, ಹೂವು ಕಟ್ಟಿದ ವಿಮಾನದಲ್ಲಿ ಹೊತ್ತು, ಅವರದೇ ಹೊಲದಲ್ಲಿ ಕೂತ ಹಾಗೆಯೇ ಮಣ್ಣು ಮಾಡುತ್ತೇವೆ. ಎತ್ತರದ ಕುರ್ಚಿ, ನಾಲ್ಕು ಕಂಬ, ಕಮಾನು, ಹೂವು. ಅಷ್ಟು ದಿನ ಮಳೆಯನ್ನೊಂದೇ ಯೋಚಿಸುತ್ತಿದ್ದ ಇವರಿಗೂ ಅದು ಕಂಡಿರಲಿಲ್ಲ, ಹಾರ ಸುತ್ತಿದ ನನಗೂ ಕಂಡಿರಲಿಲ್ಲ.

ಮೊದಲು ಮಾತಾಡಿದವರು ಭಾವನೇ, ಇವರತ್ತ ತಿರುಗಿ. "ಲೇ ಚನ್ನ, ಅಳತೆ ಸರಿಯಾಗೇ ತಗಂಡಿದೀಯ ಕಣೋ!"

"ಬಾಯ್ಮುಚ್ಕಂಡ್ ಕೂತ್ಕಳ್ರಿ ಸಾಕು," ಎಂದು ಪಾರ್ವತಕ್ಕ ಗದರಿ, ಹಾರಗಳನ್ನು ಕಿತ್ತು ತಿಪ್ಪೆಗೆಸೆದು ಬಂದರು. ಇವರು ಬಿಳಿಚಿದ ಮುಖದಲ್ಲಿ ಗರಗಸ ತಂದು ಅಲ್ಲೇ ಕಂಬಿ ಕತ್ತರಿಸತೊಡಗಿದರು.

"ಬಿಡೋ, ನೆರಳು ಚೆನ್ನಾಗಿತ್ತು," ಎಂದರು ಭಾವ.

ಎಲ್ಲರ ಮುಖದಲ್ಲೂ ಹೆದರಿಕೆಯಿತ್ತು. ಅವರೊಬ್ಬರ ಮುಖದಲ್ಲಿ ಮಾತ್ರ, ಬಹಳ ಹೊತ್ತು ಕಾದು ನಿಂತವರಿಗೆ ದೂರದಲ್ಲಿ ತಮ್ಮೂರಿನ ಬಸ್ಸು ಕಂಡಾಗ ಬರುತ್ತದಲ್ಲ, ಅಂಥದೊಂದು ನಿರಾಳ ಸುಳಿದು ಹೋಯಿತು. ನಾನು ನೋಡಿದೆ. ನೋಡಿದ್ದನ್ನು ನಂಬಲಿಲ್ಲ.

ಮಳೆಗಾಲ ಬಂತು, ಗಾಡಿ ಗೆದ್ದಿತು. ಅದು ಎರೆಯೊಳಗೆ ಇಳಿದು, ಒಂದು ಕ್ಷಣ ಅನುಮಾನಿಸಿ, ಇವರು ಲಿವರ್ ಒತ್ತಿದ ಕೂಡಲೇ ಮುಂದಿನ ಗಾಲಿಗಳಿಂದ ಮಣ್ಣನ್ನು ಬಾಚಿಕೊಂಡು ಹೊರಬರುವುದನ್ನು ನೋಡಲು ಆಚೀಚೆ ಹೊಲದವರು ಕೆಲಸ ಬಿಟ್ಟು ನಿಲ್ಲುತ್ತಿದ್ದರು. ಇವರ ಮೈಯೆಲ್ಲ ಕೆಸರು. ಕನ್ನಡಕದ ಮೇಲೂ ಕೆಸರು, ಅದರ ಹಿಂದೆ ಹೊಳೆಯುವ ಕಣ್ಣು. ಸೋಮವಾರ ಬಂತು, ಗುರುವಾರ ಬಂತು, ಎಂಥ ಮಳೆಯಿದ್ದರೂ ಒಂದು ಡಯಾಲಿಸಿಸ್ಸೂ ತಪ್ಪಲಿಲ್ಲ. ಭಾವನನ್ನು ಟಾರು ರಸ್ತೆಗೆ ತಂದು ಕಾರಿಗೆ ಹತ್ತಿಸಿ ತರೀಕೆರೆಗೆ ಒಯ್ಯುವುದು, ಸಂಜೆಗೆ ಮತ್ತೆ ಹೊಲ ದಾಟಿಸಿ ಮನೆ ಸೇರಿಸುವುದು. ನಾನು ಕೊಡೆ ಹಿಡಿದು ಪಕ್ಕದಲ್ಲಿ ಕೂರುತ್ತಿದ್ದೆ. ಹೋಗುವಾಗ ಭಾವ ತಮಾಷೆ ಮಾಡುತ್ತಿದ್ದರು. ಬರುವಾಗ ಮಾತಿರುತ್ತಿರಲಿಲ್ಲ, ಹಿಂಡಿ ಒಣಹಾಕಿದ ಬಟ್ಟೆಯ ಹಾಗೆ ಕುರ್ಚಿಯಲ್ಲಿ ಕಣ್ಣು ಮುಚ್ಚಿಕೊಂಡಿರುತ್ತಿದ್ದರು.

ಹಾಗೆ ಬರುವಾಗಲೇ ಒಂದು ಸಂಜೆ, ಇವರು ಕೆಳಗಿಳಿದು ಚೈನಿಗೆ ಸಿಕ್ಕಿದ ಹುಲ್ಲು ಬಿಡಿಸುತ್ತಿದ್ದಾಗ, ಭಾವ ಕಣ್ಣು ತೆರೆಯದೆಯೇ ನನ್ನೊಡನೆ ಮೆಲ್ಲಗೆ ಮಾತಾಡಿದರು.

"ಕಾನ್ವೆಂಟಮ್ಮ, ಹೋದ್ ವರ್ಷ ಮಳೆ ಬಂದ್ರೆ ಎಷ್ಟ್ ಚೆನ್ನಾಗಿರೋದು ಗೊತ್ತಾ? ದಾರಿ ಕೆಟ್ಟೋಯ್ತು ಅಂದ್ರೆ ಎಲ್ರೂ ಸುಮ್ಕಾಗ್ಬಿಡೋರು. ಹಂಚಿನ ಮ್ಯಾಲೆ ಮಳೆ ಬೀಳೋದ್ ಕೇಳ್ಕಂಡು ನಾನೂ ಮಲ್ಕಂಡಿರ್ತಿದ್ದೆ."

"ಭಾವ, ಅದ್ರಿಂದ ತಾನೇ ನಿಮ್ಗೆ ಅಷ್ಟು ತೊಂದ್ರೆ ಆಗಿದ್ದು?"

"ತೊಂದ್ರೆ ಆಯ್ತು. ಆದ್ರೂ ಚೆನ್ನಾಗಿತ್ತು."

ರಾತ್ರಿ ಇವರಿಗೆ ಹೇಳಿದೆ. "ಸುಸ್ತಲ್ಲಿ ಹಂಗಂತಾನೆ ಬಿಡು," ಎಂದು ಮಗ್ಗುಲಾದರು. ನನಗೆ ನಿದ್ದೆ ಬರಲಿಲ್ಲ. ಬೇಡ ಎಂಬ ಮಾತನ್ನು ಬಾಯಿಂದ ಆಡಲಾರದವರಿಗೆ ಲೋಕದಲ್ಲಿ ಏನೇನೋ ಆಸರೆಗಳಿರುತ್ತವೆ: ಬಾರದ ಬಸ್ಸು, ಕೆಟ್ಟ ದಾರಿ, ಹಿಡಿದುಕೊಂಡ ಮಳೆ. ಆ ಎರೆಮಣ್ಣು ಭಾವನ ಪರವಾಗಿ ಅಷ್ಟು ದಿನ ಬೇಡವೆಂದಿತ್ತು. ಅವರನ್ನು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸುವ ತಮ್ಮನೇ ನಾಲ್ಕು ಗಾಲಿ ಕಟ್ಟಿಕೊಂಡು ಬಂದು ಆ ಒಂದು ಎಕ್ಸ್‌ಕ್ಯೂಸನ್ನೂ ಕಸಿದುಕೊಂಡಿದ್ದರು. ಇನ್ನು ಬೇಡವೆನ್ನಬೇಕಾದರೆ ಅದನ್ನು ಅವರೇ, ಇವರ ಮುಖ ನೋಡಿ, ಅನ್ನಬೇಕಿತ್ತು.

ಅಂದರು. ಶ್ರಾವಣದ ಒಂದು ಸೋಮವಾರ. ನಾವು ಹೋದಾಗ ಭಾವ ಸ್ನಾನ ಮಾಡಿರಲಿಲ್ಲ, ಅಂಗಿ ತೊಟ್ಟಿರಲಿಲ್ಲ; ಜಗಲಿಯ ಮೇಲೆ ಕೂತು ಕೊಟ್ಟಿಗೆಯ ಎತ್ತುಗಳನ್ನು ನೋಡುತ್ತಿದ್ದರು.

"ಹೊತ್ತಾಯ್ತಣ್ಣ, ಏಳು."

"ಚನ್ನ, ಇವತ್ತ್ಯಾವ ವಾರ?"

"ಸೋಮ್ವಾರ."

"ಸೋಮ್ವಾರ ಎತ್ತಿಗೆ ನೊಗ ಇಡ್ತೀವೇನೋ ನಾವು?"

ಇಡುವುದಿಲ್ಲ. ನಮ್ಮ ಕಡೆ ಎಂಥ ಹದ ತಪ್ಪಿಹೋದರೂ ಸೋಮವಾರ ಎತ್ತು ಕಟ್ಟುವುದಿಲ್ಲ. ಅದು ಬಸವಣ್ಣನ ದಿನ, ಅದರ ಬಿಡುವಿನ ದಿನ. ಇವರು ಅದಕ್ಕೂ ಒಂದು ರೀಸನೆಬಲ್ ಉತ್ತರ ಹುಡುಕಿದರು. "ಸರಿ ಹಂಗಾರೆ. ಆಸ್ಪತ್ರೇಲಿ ಕೇಳಿ ಮಂಗಳ್ವಾರಕ್ಕೆ ಹಾಕಿಸ್ಕಳಾಣ."

"ಮಂಗಳ್ವಾರಾನೂ ಬ್ಯಾಡ ಕಣೋ."

ಇವರು ಗಾಡಿಯತ್ತ ತಿರುಗಿದರು. ಭಾವನೇ ಮುಂದುವರಿಸಿದರು. "ಗಾಡಿ ಚೆನ್ನಾಗೈತೆ. ಗಾಡೀಲಿ ಏನೂ ತಪ್ಪಿಲ್ಲ. ನಂಗೇ ಸಾಕಾಗೈತೆ."

ಗಾಡಿಯಲ್ಲಿ ಏನೂ ತಪ್ಪಿಲ್ಲ. ತಮ್ಮನ ಮನಸ್ಸು ಎಲ್ಲಿ ಮುರಿಯುತ್ತದೆಂದು ಅವರಿಗೆ ಗೊತ್ತಿತ್ತು. ಮುರಿಯುವ ಮೊದಲೇ ಅಲ್ಲಿಗೆ ಅಂಗೈ ಹಿಡಿದಿದ್ದರು. ಆಮೇಲೆ ಹೆಂಡತಿಯತ್ತ ತಿರುಗಿ ಕುಡಿಯಲು ನೀರು ಕೇಳಿದರು. "ಲೋಟದಲ್ಲಲ್ಲ, ಚೊಂಬಲ್ಲಿ ಕೊಡೇ." ಡಯಾಲಿಸಿಸ್ಸಿನವರು ಗುಟುಕು ಲೆಕ್ಕದಲ್ಲಿ ನೀರು ಕುಡಿಯಬೇಕು, ಪಾರ್ವತಕ್ಕ ಇಷ್ಟು ಕಾಲ ಅದನ್ನು ಕಣ್ಣಿಟ್ಟು ಕಾದಿದ್ದರು. ಅವರು ಒಮ್ಮೆ ಇವರ ಮುಖ ನೋಡಿದರು, ಒಮ್ಮೆ ನನ್ನ ಮುಖ ನೋಡಿದರು. ಒಳಗೆ ಹೋಗಿ ತುಂಬಿದ ಚೊಂಬು ತಂದರು. ಭಾವ ಅದನ್ನು ಎರಡೂ ಕೈಯಲ್ಲಿ ಹಿಡಿದು, ಎತ್ತಿ, ನಡುವೆ ನಿಲ್ಲಿಸದೆ ಕುಡಿದರು. ಗಲ್ಲದಿಂದ ಎದೆಗೆ ನೀರಿಳಿಯುತ್ತಿತ್ತು. ಪಾರ್ವತಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು.

ಇವರು ಅಂಗಳಕ್ಕಿಳಿದು ಗಾಡಿಯ ಕೆಳಗೆ ತೂರಿ ಮಲಗಿದರು. ಹೊರಗೆ ಕಾಣುತ್ತಿದ್ದದ್ದು ಪಾದಗಳೆರಡೇ. ಒಳಗಿಂದ ಸ್ಪ್ಯಾನರಿನ ಸದ್ದು ಬರಲಿಲ್ಲ.

ಮರುದಿನ ಇವರು ಡಾಕ್ಟರೊಡನೆ ಮಾತಾಡಿ ಬಂದರು; ಡಾಕ್ಟರು ಏನೆಂದರೆಂದು ನಾನು ಕೇಳಲಿಲ್ಲ. ಗುರುವಾರ ಬೆಳಿಗ್ಗೆ ಎಂದಿನ ಹೊತ್ತಿಗೇ ಎದ್ದು ಗಾಡಿ ಹೊರಡಿಸಿದರು. ಅಣ್ಣನನ್ನು ಒಪ್ಪಿಸಿಯೇ ತೀರುತ್ತಾರೆ, ಇಲ್ಲವೆ ಎತ್ತಿ ಹಾಕಿಕೊಂಡಾದರೂ ಹೋಗುತ್ತಾರೆ ಎಂದುಕೊಂಡು, ಜಗಳ ತಪ್ಪಿಸಲು ನಾನೂ ಹತ್ತಿದೆ. ದಾರಿಯುದ್ದಕ್ಕೂ ಸಣ್ಣಗೆ ಸೋನೆ. ಎರೆ ದಾಟಿ, ಜಗಲಿಯ ಮುಂದೆ ಗಾಡಿ ನಿಲ್ಲಿಸಿ, ಇವರು ಕನ್ನಡಕ ಒರೆಸಿಕೊಂಡರು.

"ಎಲ್ಲಿಗೆ ಹೋಗಾಣ ಅಣ್ಣ?"

ಅಷ್ಟೂ ತಿಂಗಳಲ್ಲಿ ಇವರು ಈ ಪ್ರಶ್ನೆ ಕೇಳಿದ್ದನ್ನು ನಾನು ಕಂಡಿರಲಿಲ್ಲ. ಆ ಗಾಡಿ ಹುಟ್ಟಿದ್ದೇ ಒಂದು ದಾರಿಗಾಗಿ; ಅದಕ್ಕೆ ಇನ್ನೊಂದು ದಾರಿ ಇರಬಹುದೆಂದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಭಾವ ಗೋಡೆ ಹಿಡಿದು ಎದ್ದು ನಿಂತರು.

"ಈರುಳ್ಳಿ ಹೆಂಗೆದ್ದೈತೆ ನೋಡಾಣ ನಡಿ. ಸಾಲಿನ ಮ್ಯಾಲೆ ಹತ್ತಿಸ್ಬ್ಯಾಡ, ಬದುವಿನ ಮ್ಯಾಲೆ ಹೋಗು," ಎಂದರು.

ನಾನೂ ಪಾರ್ವತಕ್ಕನೂ ಜಗಲಿಯಲ್ಲೇ ಉಳಿದೆವು. ಆ ದಿನ ಹೊಲದ ಸುತ್ತ ಹೋದರು. ಇನ್ನೊಂದು ದಿನ ಕೆರೆಯ ಏರಿಯವರೆಗೆ ಹೋಗಿ ತುಂಬಿದ ನೀರು ನೋಡಿ ಬಂದರು. ದಿನ ಕಳೆದಂತೆ ಭಾವನ ಉಸಿರು ಮೊಟಕಾಯಿತು, ಅದರ ಜೊತೆಗೆ ದಾರಿಯೂ ಮೊಟಕಾಯಿತು. ಈರುಳ್ಳಿ ಕೀಳುವ ಮೊದಲೇ, ತಮ್ಮ ಮನೆಯಲ್ಲಿ, ಪಾರ್ವತಕ್ಕನ ತೋಳಿಗೊರಗಿ ಭಾವ ಹೋದರು. ತಪ್ಪದೆ ಕರೆದೊಯ್ದಿದ್ದರೆ ಇನ್ನಷ್ಟು ಕಾಲ ಇರುತ್ತಿದ್ದರೇ? ಇರುತ್ತಿದ್ದರು. ಈ ಮಾತನ್ನು ನಾವು ಮುಚ್ಚಿಟ್ಟುಕೊಂಡಿಲ್ಲ. ಒಬ್ಬರಿಗೊಬ್ಬರು ಹೇಳಿಕೊಂಡೂ ಇಲ್ಲ.

ಭಾವ ಇದ್ದಾಗಿನ ಕೊನೆಯ ಸವಾರಿಯೊಂದನ್ನು ಮಾತ್ರ ನಿಮಗೆ ಹೇಳಿ ಮುಗಿಸುತ್ತೇನೆ. ಮನೆಯಿಂದ ಹೊಲದ ಅಂಚಿನ ಜಾಲಿಮರದವರೆಗೆ, ಕೂಗಿದರೆ ಕೇಳುವಷ್ಟು ದೂರ. ಅಲ್ಲಿ ಇವರು ಎಂಜಿನ್ನು ಆರಿಸಿದರು. ಹಿಂದಿರುಗುವುದು ಯಾವಾಗ ಎಂಬುದು ಆಗ ಭಾವನ ಕೈಯಲ್ಲಿತ್ತು. "ತಿರುಗ್ಸು" ಎಂದು ಅವರು ಅನ್ನುವವರೆಗೆ ಇವರು ಲಿವರ್ ಮುಟ್ಟುತ್ತಿರಲಿಲ್ಲ. ಆ ದಿನ ಅವರು ಅದನ್ನು ಬೇಗ ಅನ್ನಲಿಲ್ಲ. ಮಳೆ ಶುರುವಾಯಿತು. ಪಾರ್ವತಕ್ಕ ಜಗಲಿಯಿಂದ "ನೆಂದೋಗ್ತೀರ, ಬನ್ರೋ!" ಎಂದು ಕೂಗಿದರು. ಇವರು ತಮ್ಮ ಹೆಗಲ ಟವೆಲ್ಲು ತೆಗೆದು ಅಣ್ಣನ ತಲೆಗೆ ಹೊದಿಸಿ, ಮತ್ತೆ ತಮ್ಮ ಸೀಟಿನಲ್ಲಿ ಮುಂದೆ ನೋಡುತ್ತ ಕೂತರು. ಗಾಡಿಯ ನಾಲ್ಕೂ ಗಾಲಿ ನಿಧಾನವಾಗಿ ಎರೆಯೊಳಗೆ ಇಳಿಯುತ್ತಿದ್ದವು. ಇವರು ಕಾದರು.